ಕಾಲಿನಲ್ಲಿ ರಕ್ತ ಎಲ್ಲಿಯವರೆಗೆ ತಲುಪುತ್ತಿದೆ? ಈ ಪರೀಕ್ಷೆಗೆ ದಾರಿ ಮಾಡಿಕೊಟ್ಟ ಜಾರ್ಜ್ ದ ಹೆವೆಶಿ

ಕಾಲು ಕತ್ತರಿಸಬೇಕಾಗಬಹುದು ಎಂದು ಶಸ್ತ್ರವೈದ್ಯರು ಹೇಳಿದ ದಿನ ಮನೆಯವರ ಕಿವಿಗೆ ಬೇರೆ ಯಾವ ಮಾತೂ ಬೀಳುವುದಿಲ್ಲ. ಪ್ರಶ್ನೆಗಳು ಏಳುವುದು ಮಾರನೆಯ ದಿನ. ಹೋಗುವುದು ಬೆರಳು ಮಾತ್ರವೇ, ಅರ್ಧ ಪಾದವೇ? ಮೊಣಕಾಲಿನ ಕೆಳಗೋ, ಮೇಲೋ? ಮೊಣಕಾಲು ಉಳಿದರೆ ಕೃತಕ ಕಾಲು ಹಾಕಿಕೊಂಡು ನಡೆಯುವುದು ಎಷ್ಟೋ ಸುಲಭ. ಅದು ಹೋದರೆ ಪ್ರತಿ ಹೆಜ್ಜೆಗೂ ದೇಹ ಹೆಚ್ಚು ದುಡಿಯಬೇಕು. ವಯಸ್ಸಾದವರಲ್ಲಿ ಹಲವರು ಗಾಲಿಕುರ್ಚಿಗೇ ಒಗ್ಗಿಕೊಳ್ಳಬೇಕಾಗುತ್ತದೆ. ಹಾಗೆಂದು ಆಸೆಪಟ್ಟು ರಕ್ತ ಸಾಲದ ಜಾಗದಲ್ಲಿ ಕತ್ತರಿಸಿದರೆ ಗಾಯ ಮಾಯುವುದಿಲ್ಲ. ಕೆಲವೇ ವಾರಗಳಲ್ಲಿ ಇನ್ನೊಮ್ಮೆ, ಇನ್ನೂ ಮೇಲೆ ಕತ್ತರಿಸಬೇಕಾಗಬಹುದು.

ಆದ್ದರಿಂದ ವೈದ್ಯರಿಗೆ ಬೇಕಾಗಿರುವ ಉತ್ತರ ಒಂದೇ. ರಕ್ತನಾಳ ಎಲ್ಲಿ ಕಟ್ಟಿಕೊಂಡಿದೆ ಎನ್ನುವುದಷ್ಟೇ ಸಾಲದು. ಸ್ನಾಯುವಿಗೆ, ಚರ್ಮಕ್ಕೆ, ಅಂದರೆ ಮಾಯಬೇಕಾದ ಜಾಗಕ್ಕೆ ರಕ್ತ ನಿಜವಾಗಿ ಸೇರುತ್ತಿದೆಯೇ ಎನ್ನುವುದು ತಿಳಿಯಬೇಕು. ಇದನ್ನು ಅಂದಾಜು ಮಾಡಲು ಕೆಲವು ಆಸ್ಪತ್ರೆಗಳಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಸ್ಕ್ಯಾನ್ ಮಾಡಿಸುತ್ತಾರೆ. ನ್ಯೂಕ್ಲಿಯರ್ ಎಂಬ ಪದ ಕಂಡ ಕೂಡಲೇ ಹೆದರುವವರೇ ಹೆಚ್ಚು. ಆ ಪರೀಕ್ಷೆಯ ಹಿಂದಿರುವ ಉಪಾಯ ಮಾತ್ರ ಸರಳವಾದದ್ದು, ನೂರು ವರ್ಷಕ್ಕಿಂತ ಹಳೆಯದು. ಅದನ್ನು ಕಂಡುಕೊಂಡವರು ಹಂಗೇರಿಯ ರಸಾಯನ ವಿಜ್ಞಾನಿ ಜಾರ್ಜ್ ದ ಹೆವೆಶಿ. ಅವರ ಬದುಕನ್ನು ಹಿಂಬಾಲಿಸಿದರೆ ನಿಮ್ಮ ಕೈಯಲ್ಲಿರುವ ಸ್ಕ್ಯಾನ್ ರಿಪೋರ್ಟ್ ತಾನಾಗಿಯೇ ಅರ್ಥವಾಗತೊಡಗುತ್ತದೆ. ಹಾಗಾಗಿ ಈ ಬಾರಿ ಅವರ ಕಥೆ.

ಸೀಸದಲ್ಲಿ ಸಿಕ್ಕಿಬಿದ್ದ ಎರಡು ವರ್ಷ

ಹೆವೆಶಿ ಹುಟ್ಟಿದ್ದು 1885ರ ಆಗಸ್ಟ್ 1ರಂದು, ಬುಡಾಪೆಸ್ಟ್‌ನಲ್ಲಿ. ಜಮೀನು, ಗಣಿ ವ್ಯವಹಾರವಿದ್ದ ಶ್ರೀಮಂತ ಮನೆತನ, ಎಂಟು ಮಕ್ಕಳ ತುಂಬಿದ ಮನೆ. ಯಹೂದಿ ಮೂಲದ ಕುಟುಂಬ ಕ್ಯಾಥೊಲಿಕ್ ಧರ್ಮಕ್ಕೆ ಸೇರಿತ್ತು. ಈ ಮೂಲ ಮುಂದೆ ಅವರ ಬದುಕಿನ ದಿಕ್ಕನ್ನೇ ಬದಲಿಸಲಿತ್ತು. ಜರ್ಮನಿಯ ಫ್ರೈಬುರ್ಗ್‌ನಲ್ಲಿ 1908ರಲ್ಲಿ ಡಾಕ್ಟರೇಟ್ ಪಡೆದು, ಜ್ಯೂರಿಕ್‌ನಲ್ಲೂ ಕಾರ್ಲ್ಸ್‌ರೂಹೆಯಲ್ಲೂ ಸ್ವಲ್ಪ ಕಾಲ ಕೆಲಸ ಮಾಡಿ, 1911ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಬಂದರು. ಅಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಅವರ ಪ್ರಯೋಗಾಲಯವಿತ್ತು. ಪರಮಾಣುವಿನ ನಡುವೆ ಒಂದು ಗಟ್ಟಿ ತಿರುಳಿದೆ ಎಂದು ಜಗತ್ತಿಗೆ ತಿಳಿದದ್ದು ಆ ವರ್ಷವೇ, ಆ ಪ್ರಯೋಗಾಲಯದಿಂದಲೇ.

ರುದರ್‌ಫೋರ್ಡ್ ಬಳಿ ಬೊಹೀಮಿಯಾದ ಯೋಕಿಮ್‌ಸ್ಟಾಲ್ ಗಣಿಯಿಂದ ಬಂದ ಸೀಸ ರಾಶಿ ಬಿದ್ದಿತ್ತು, ನೂರಾರು ಕಿಲೋ. ಅದರೊಳಗೆ ರೇಡಿಯಂ-ಡಿ ಎಂಬ ವಿಕಿರಣಶೀಲ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿತ್ತು. ಅದು ಬೇರೆಯಾಗಿ ಸಿಕ್ಕರೆ ಪ್ರಯೋಗಗಳಿಗೆ ಬಹಳ ಉಪಯೋಗ, ಆದರೆ ಸೀಸದ ರಾಶಿ ಅದನ್ನು ಮುಚ್ಚಿಬಿಟ್ಟಿತ್ತು. ಸೀಸದಿಂದ ರೇಡಿಯಂ-ಡಿಯನ್ನು ಬೇರ್ಪಡಿಸಿ ಕೊಡುವ ಕೆಲಸವನ್ನು ರುದರ್‌ಫೋರ್ಡ್ ಈ ಇಪ್ಪತ್ತಾರರ ಯುವಕನಿಗೆ ಒಪ್ಪಿಸಿದರು.

ಹೆವೆಶಿ ಸುಮಾರು ಎರಡು ವರ್ಷ ಒದ್ದಾಡಿದರು. ಕರಗಿಸಿದರು, ಸೋಸಿದರು, ಹರಳುಗಟ್ಟಿಸಿದರು, ವಿದ್ಯುತ್ ಹರಿಸಿದರು. ಯಾವುದಕ್ಕೂ ಬಗ್ಗಲಿಲ್ಲ. ಸೀಸ ಎಲ್ಲಿಗೆ ಹೋದರೆ ರೇಡಿಯಂ-ಡಿಯೂ ಅಲ್ಲಿಗೇ. ಈಗ ನಮಗೆ ಕಾರಣ ಗೊತ್ತು: ರೇಡಿಯಂ-ಡಿ ಎನ್ನುವುದು ಸೀಸವೇ. ತೂಕದಲ್ಲಿ ಸ್ವಲ್ಪ ವ್ಯತ್ಯಾಸವಿರುವ, ವಿಕಿರಣ ಸೂಸುವ ಸೀಸ. ಒಂದೇ ಧಾತುವಿನ ಇಂಥ ಸೋದರ ರೂಪಗಳಿಗೆ ಐಸೊಟೋಪ್ ಎಂಬ ಹೆಸರು ಬಂದದ್ದೇ 1913ರಲ್ಲಿ. ಅದಕ್ಕೂ ಮೊದಲೇ ಸೀಸದಿಂದ ಸೀಸವನ್ನು ಬೇರ್ಪಡಿಸಲು ಹೊರಟಿದ್ದ ಹೆವೆಶಿ ಗೆಲ್ಲುವಂತೆಯೇ ಇರಲಿಲ್ಲ.

ಮ್ಯಾಂಚೆಸ್ಟರ್ ದಿನಗಳ ಒಂದು ಪ್ರಸಂಗವನ್ನು ಹೆವೆಶಿ ಮುಂದೆ ತಾವೇ ಹೇಳಿಕೊಂಡಿದ್ದಾರೆ. ಅವರು ಬಾಡಿಗೆಗಿದ್ದ ಮನೆಯಲ್ಲಿ ಊಟವೂ ಸಿಗುತ್ತಿತ್ತು. ಭಾನುವಾರ ತಟ್ಟೆಯಲ್ಲಿ ಉಳಿದದ್ದು ವಾರದ ನಡುವೆ ಬೇರೆ ವೇಷದಲ್ಲಿ ಮತ್ತೆ ಮೇಜಿಗೆ ಬರುತ್ತಿದೆ ಎಂಬ ಅನುಮಾನ ಅವರಿಗೆ. ಮನೆಯೊಡತಿ ಒಪ್ಪುತ್ತಿರಲಿಲ್ಲ. ಒಂದು ಭಾನುವಾರ ಹೆವೆಶಿ ಊಟದಲ್ಲಿ ಚೂರೇ ಚೂರು ವಿಕಿರಣಶೀಲ ವಸ್ತು ಸೇರಿಸಿ ಸುಮ್ಮನಾದರು. ಕೆಲವು ದಿನಗಳ ನಂತರ ಹೊಸ ತಿನಿಸು ಬಂದಾಗ ಪ್ರಯೋಗಾಲಯದ ಎಲೆಕ್ಟ್ರೋಸ್ಕೋಪ್ ತಂದು ಹಿಡಿದರು. ಉಪಕರಣ ಸಾಕ್ಷಿ ಹೇಳಿತು. ಇಂದು ಯಾರಾದರೂ ಹೀಗೆ ಮಾಡಿದರೆ ಪೊಲೀಸರೇ ಬರುತ್ತಾರೆ, ಆ ಮಾತು ಬೇರೆ. ಆದರೆ ಇಲ್ಲಿ ನಡೆದದ್ದನ್ನು ಗಮನಿಸಿ: ಕಣ್ಣಿಗೆ ಕಾಣದಷ್ಟು ಗುರುತು ಹಾಕಿ, ಅದು ಎಲ್ಲಿಗೆ ಹೋಗಿ ಸೇರಿತು ಎಂದು ಹೊರಗಿನಿಂದ ನೋಡುವುದು. ಇಂದಿನ ಸ್ಕ್ಯಾನ್ ಮಾಡುವುದೂ ಇದನ್ನೇ.

ಹಸುವಿನ ಕೊರಳಿಗೆ ಗಂಟೆ

ಬೇರ್ಪಡಿಸಲು ಆಗದು ಎಂದರೆ ಅದನ್ನೇ ಏಕೆ ಬಳಸಿಕೊಳ್ಳಬಾರದು? ರೇಡಿಯಂ-ಡಿ ಸೀಸವನ್ನು ಎಂದೂ ಬಿಟ್ಟಿರುವುದಿಲ್ಲ ಎಂದಾದರೆ, ಸೀಸ ಎಲ್ಲಿದೆ ಎಂದು ಅದೇ ತೋರಿಸಿಕೊಡುತ್ತದಲ್ಲ. ಈ ಯೋಚನೆ ಹೊತ್ತು ಹೆವೆಶಿ ವಿಯೆನ್ನಾದ ರೇಡಿಯಂ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿ ಫ್ರಿಟ್ಸ್ ಪಾನೆಥ್ ಎಂಬವರೂ ಇದೇ ಬೇರ್ಪಡಿಸುವ ಕೆಲಸದಲ್ಲಿ ಸೋತು ಕುಳಿತಿದ್ದರು. ಇಬ್ಬರೂ ಸೇರಿ 1913ರಲ್ಲಿ ಮೊದಲ ಪ್ರಯೋಗ ಮಾಡಿದರು. ಬಹಳ ಕಡಿಮೆ ಕರಗುವ ಸೀಸದ ಲವಣಗಳು ನೀರಿನಲ್ಲಿ ಎಷ್ಟು ಕರಗುತ್ತವೆ ಎಂಬುದನ್ನು ವಿಕಿರಣದ ಗುರುತಿನಿಂದ ಅಳೆದರು. ಯಾವ ತಕ್ಕಡಿಗೂ ಸಿಗದಷ್ಟು ಅಲ್ಪ ಪ್ರಮಾಣ ಅದು.

ನಮ್ಮ ಹಳ್ಳಿಗಳಲ್ಲಿ ಮೇಯಲು ಬಿಡುವ ಮಂದೆಯಲ್ಲಿ ಒಂದು ಹಸುವಿನ ಕೊರಳಿಗೆ ಗಂಟೆ ಕಟ್ಟುತ್ತಾರೆ. ಗಂಟೆ ಕಟ್ಟಿದ ಮಾತ್ರಕ್ಕೆ ಹಸು ಬೇರೆ ಹುಲ್ಲು ಮೇಯುವುದಿಲ್ಲ, ಬೇರೆ ದಾರಿ ಹಿಡಿಯುವುದಿಲ್ಲ. ಮಂದೆಯ ಜೊತೆಗೇ ಇರುತ್ತದೆ. ದಟ್ಟ ಪೊದೆಯ ಹಿಂದೆ ಮಂದೆ ಕಾಣದಿದ್ದರೂ ಸದ್ದು ಕೇಳಿ ಅದು ಎಲ್ಲಿದೆ ಎಂದು ತಿಳಿಯುತ್ತದೆ. ಹೆವೆಶಿಯವರ ಉಪಾಯ ಇಷ್ಟೇ. ಇಂಗ್ಲಿಷ್ ರಿಪೋರ್ಟಿನಲ್ಲಿ ಟ್ರೇಸರ್ ಎಂದು ಬರೆದಿರುವುದು ಈ ಗಂಟೆಯನ್ನೇ. ಕನ್ನಡಕ್ಕೆ ತರುವಾಗ ನಾನು ಅದನ್ನು ಜಾಡುವಸ್ತು ಎಂದು ಬರೆಯುತ್ತೇನೆ. ರೇಡಿಯೊಆಕ್ಟಿವ್ ಔಷಧ ಎಂದು ಬರೆದರೆ ಓದುವವರು ಅದು ಚಿಕಿತ್ಸೆಗೆ ಕೊಡುವ ಮದ್ದು ಎಂದುಕೊಳ್ಳುತ್ತಾರೆ. ಅದು ಏನನ್ನೂ ಗುಣಪಡಿಸುವುದಿಲ್ಲ, ಜಾಡು ತೋರಿಸುತ್ತದೆ ಅಷ್ಟೆ.

ಮೊದಲ ಮಹಾಯುದ್ಧ ಈ ಕೆಲಸಕ್ಕೆ ತಡೆ ಹಾಕಿತು. ಹೆವೆಶಿ ಆಸ್ಟ್ರಿಯಾ-ಹಂಗೇರಿ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಯುದ್ಧ ಮುಗಿದಾಗ ಹಂಗೇರಿ ಅಲ್ಲೋಲಕಲ್ಲೋಲವಾಗಿತ್ತು. ಮ್ಯಾಂಚೆಸ್ಟರ್‌ನಲ್ಲಿ ಗೆಳೆಯರಾಗಿದ್ದ ನೀಲ್ಸ್ ಬೋರ್ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಹೊಸ ಸಂಸ್ಥೆ ಕಟ್ಟುತ್ತಿದ್ದರು. 1920ರಲ್ಲಿ ಹೆವೆಶಿ ಅಲ್ಲಿಗೆ ಸೇರಿದರು. ಡಿರ್ಕ್ ಕಾಸ್ಟರ್ ಜೊತೆ ಸೇರಿ ಒಂದು ಹೊಸ ಧಾತುವನ್ನೂ ಕಂಡುಹಿಡಿದರು. ಕೋಪನ್‌ಹೇಗನ್‌ನ ಲ್ಯಾಟಿನ್ ಹೆಸರಾದ ಹಾಫ್ನಿಯಾದಿಂದ ಅದಕ್ಕೆ ಹಾಫ್ನಿಯಂ ಎಂಬ ಹೆಸರು ಬಂತು. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಜಾಗವಿದೆ. ರೋಗಿಗಳ ಲೆಕ್ಕದಲ್ಲಿ ಹೆಚ್ಚು ಬೆಲೆಬಾಳುವುದು 1923ರ ಒಂದು ಸಣ್ಣ ಪ್ರಯೋಗ ಎಂದು ನನ್ನ ಅನಿಸಿಕೆ.

ಆ ವರ್ಷ ಅವರು ಅವರೆಯ ಜಾತಿಯ ಒಂದು ಗಿಡದ ಬೇರನ್ನು ವಿಕಿರಣಶೀಲ ಸೀಸ ಬೆರೆಸಿದ ನೀರಿನಲ್ಲಿ ಇಟ್ಟರು. ನಂತರ ಬೇರು, ಕಾಂಡ, ಎಲೆಗಳನ್ನು ಬೇರೆಬೇರೆಯಾಗಿ ಅಳೆದು ನೋಡಿದರು. ಹೆಚ್ಚಿನ ಸೀಸ ಬೇರಿನಲ್ಲೇ ಉಳಿದಿತ್ತು, ಮೇಲಕ್ಕೆ ಏರಿದ್ದು ಸ್ವಲ್ಪ. ಜೀವವಿರುವ ಒಂದು ದೇಹದೊಳಗೆ ವಸ್ತುವೊಂದು ಎಲ್ಲಿಂದ ಎಲ್ಲಿಗೆ ಎಷ್ಟು ಹೋಗುತ್ತದೆ ಎಂದು ಜಾಡುವಸ್ತುವಿನಿಂದ ನೋಡಿದ್ದು ಇದೇ ಮೊದಲು. ಮಾರನೆಯ ವರ್ಷ ಡೆನ್ಮಾರ್ಕ್‌ನ ವೈದ್ಯರ ಜೊತೆ ಸೇರಿ ಮೊಲಗಳ ದೇಹದಲ್ಲಿ ಬಿಸ್ಮತ್ ಹೇಗೆ ಹರಡುತ್ತದೆ ಎಂದು ಪರೀಕ್ಷಿಸಿದರು. ಪೆನಿಸಿಲಿನ್ ಇಲ್ಲದ ಆ ಕಾಲದಲ್ಲಿ ಸಿಫಿಲಿಸ್ ರೋಗಕ್ಕೆ ಬಿಸ್ಮತ್ ಕೊಡುತ್ತಿದ್ದರು. ಫಾರ್ಮಸಿ ಓದಿದ ನನ್ನಂಥವರಿಗೆ ಇದು ರೋಮಾಂಚನದ ಸಂಗತಿ. ಕೊಟ್ಟ ಮದ್ದು ಯಾವ ಅಂಗಕ್ಕೆ ಎಷ್ಟು ಹೋಯಿತು, ಎಷ್ಟು ಹೊತ್ತಿಗೆ ಹೊರಬಿತ್ತು ಎನ್ನುವುದು ಇಂದು ಪ್ರತಿ ಔಷಧಕ್ಕೂ ಕೇಳುವ ಪ್ರಶ್ನೆ.

ಆದರೆ ಒಂದು ಅಡ್ಡಿ ಇತ್ತು. ಆಗ ಕೈಗೆ ಸಿಗುತ್ತಿದ್ದ ವಿಕಿರಣಶೀಲ ವಸ್ತುಗಳೆಲ್ಲ ಸೀಸ, ಬಿಸ್ಮತ್‌ನಂಥ ಭಾರ ಲೋಹಗಳು. ದೇಹಕ್ಕೆ ಅವು ಹೊರಗಿನವು, ಸೀಸವಂತೂ ವಿಷ. ರಕ್ತ, ಎಲುಬು, ಸ್ನಾಯುಗಳ ನಿತ್ಯದ ವ್ಯವಹಾರವನ್ನು ಅವು ತೋರಿಸಲಾರವು. ಇದೇ ಕಾಲದಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಹೆರ್ಮನ್ ಬ್ಲೂಮ್‌ಗಾರ್ಟ್ ಎಂಬ ವೈದ್ಯರು ರೇಡಿಯಂನಿಂದ ಹುಟ್ಟುವ ಅಲ್ಪಾಯುಷಿ ವಸ್ತುವೊಂದನ್ನು ಒಂದು ತೋಳಿನ ರಕ್ತನಾಳಕ್ಕೆ ಚುಚ್ಚಿ, ಅದು ಇನ್ನೊಂದು ತೋಳಿಗೆ ಬಂದು ಸೇರಲು ಎಷ್ಟು ಸೆಕೆಂಡು ಬೇಕು ಎಂದು ಅಳೆದರು. ಮನುಷ್ಯನ ರಕ್ತ ಸಂಚಾರವನ್ನು ವಿಕಿರಣದ ಗುರುತಿನಿಂದ ಅಳೆಯಲು ಶುರುವಾದದ್ದು ಅಲ್ಲಿಂದ.

ಎಲುಬೂ ಸುಮ್ಮನೆ ಕೂರುವುದಿಲ್ಲ

1926ರಲ್ಲಿ ಹೆವೆಶಿ ತಾವು ಓದಿದ ಫ್ರೈಬುರ್ಗ್‌ಗೇ ಪ್ರಾಧ್ಯಾಪಕರಾಗಿ ಮರಳಿದ್ದರು. ಅಷ್ಟು ಹೊತ್ತಿಗೆ ಡೆನ್ಮಾರ್ಕ್‌ನ ಪಿಯಾ ರೀಸ್ ಅವರನ್ನು ಮದುವೆಯಾಗಿದ್ದರು. ಮುಂದೆ ನಾಲ್ಕು ಮಕ್ಕಳಾದರು. ಅಮೆರಿಕದ ಹೆರಾಲ್ಡ್ ಯೂರಿ ಭಾರಜಲ ಬೆರೆತ ನೀರನ್ನು ಕಳುಹಿಸಿಕೊಟ್ಟಾಗ, ಮನುಷ್ಯ ಕುಡಿದ ನೀರು ದೇಹದಲ್ಲಿ ಎಷ್ಟು ದಿನ ಇರುತ್ತದೆ ಎಂದು ಲೆಕ್ಕ ಹಾಕಿದರು. ದೇಹದ ನೀರಿನಲ್ಲಿ ಅರ್ಧ ಸುಮಾರು ಒಂಬತ್ತು ದಿನಗಳಲ್ಲಿ ಬದಲಾಗುತ್ತದೆ ಎಂದು ಕಂಡಿತು. ಭಾರಜಲ ವಿಕಿರಣ ಸೂಸುವುದಿಲ್ಲ, ತೂಕದ ವ್ಯತ್ಯಾಸವೇ ಅದರ ಗಂಟೆ.

ಅಷ್ಟರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಆಡಳಿತ ಬಂದಿತ್ತು. 1934ರಲ್ಲಿ ಹೆವೆಶಿ ಹುದ್ದೆ ಬಿಟ್ಟು ಮತ್ತೆ ಕೋಪನ್‌ಹೇಗನ್‌ಗೆ, ಬೋರ್ ಅವರ ಸಂಸ್ಥೆಗೆ ಬಂದರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಐರಿನ್ ಕ್ಯೂರಿ ಮತ್ತು ಫ್ರೆಡರಿಕ್ ಜೋಲಿಯೊ ದಂಪತಿ ಸಾಧಾರಣ ಧಾತುಗಳನ್ನು ವಿಕಿರಣಶೀಲವನ್ನಾಗಿ ಮಾಡಬಹುದು ಎಂದು ತೋರಿಸಿದರು. ಹೆವೆಶಿ ಇಷ್ಟು ವರ್ಷ ಕಾದದ್ದು ಇದಕ್ಕೇ ಎನ್ನಬೇಕು. ಇನ್ನು ಸೀಸ ಬೇಕಿಲ್ಲ. ದೇಹದ್ದೇ ಆದ ವಸ್ತುವಿಗೆ ಗಂಟೆ ಕಟ್ಟಬಹುದು.

ಅವರು ಆರಿಸಿಕೊಂಡದ್ದು ರಂಜಕ, ಅಂದರೆ ಫಾಸ್ಫರಸ್. ಗಂಧಕವಿರುವ ದ್ರವದ ಮೇಲೆ ನ್ಯೂಟ್ರಾನ್ ಹಾಯಿಸಿ ಫಾಸ್ಫರಸ್-32 ತಯಾರಿಸಿದರು. ಅದರ ಅರ್ಧಾಯುಷ್ಯ ಸುಮಾರು 14 ದಿನ. ಡ್ಯಾನಿಶ್ ವೈದ್ಯ ಚೀವಿಟ್ಸ್ ಜೊತೆ ಸೇರಿ ಇಲಿಗಳಿಗೆ ಅದನ್ನು ತಿನ್ನಿಸಿದರು. 1935ರಲ್ಲಿ ಪ್ರಕಟವಾದ ಫಲಿತಾಂಶ ಹಳೆಯ ನಂಬಿಕೆಯೊಂದನ್ನು ಅಲ್ಲಾಡಿಸಿತು. ಒಮ್ಮೆ ಬೆಳೆದು ನಿಂತ ಎಲುಬು ಕಟ್ಟಡದ ಕಂಬದ ಹಾಗೆ, ಅಲ್ಲಿ ಏನೂ ಬದಲಾಗುವುದಿಲ್ಲ ಎಂದೇ ಬಹಳ ಮಂದಿ ಭಾವಿಸಿದ್ದರು. ಹೆವೆಶಿಯವರ ಇಲಿಗಳ ಎಲುಬಿಗೆ ಹೊಸ ಫಾಸ್ಫರಸ್ ಬರುತ್ತಲೇ ಇತ್ತು, ಹಳೆಯದು ಹೋಗುತ್ತಲೇ ಇತ್ತು. ಎಲುಬಿನಲ್ಲಿ ದಿನವೂ ದುರಸ್ತಿ ನಡೆಯುತ್ತಿದೆ.

ಕಾಲಿನ ರೋಗಿಗಳಿಗೆ ಇದು ನೇರವಾಗಿ ಸಂಬಂಧಿಸಿದ್ದು. ಮಧುಮೇಹದಿಂದ ಪಾದದಲ್ಲಿ ಹುಣ್ಣಾಗಿ, ಸೋಂಕು ಎಲುಬಿಗೆ ಇಳಿದಿದೆಯೇ ಎಂಬ ಅನುಮಾನ ಬಂದಾಗ ತ್ರಿ ಫೇಸ್ ಬೋನ್ ಸ್ಕ್ಯಾನ್ ಬರೆದುಕೊಡುವುದುಂಟು. ಅದರಲ್ಲಿ ಎಲುಬಿಗೆ ಅಂಟಿಕೊಳ್ಳುವ ಫಾಸ್ಫೇಟ್ ಜಾತಿಯ ವಸ್ತುವಿಗೆ ಗಂಟೆ ಕಟ್ಟಿರುತ್ತಾರೆ. ಚುಚ್ಚಿದ ಮೊದಲ ನಿಮಿಷದಲ್ಲಿ ತೆಗೆಯುವ ಚಿತ್ರ ರಕ್ತ ಹೇಗೆ ಹರಿದು ಬರುತ್ತಿದೆ ಎಂದು ತೋರಿಸುತ್ತದೆ. ಕೆಲವು ನಿಮಿಷಗಳ ನಂತರದ್ದು ಸ್ನಾಯು, ಚರ್ಮದಂಥ ಮೃದು ಭಾಗದಲ್ಲಿ ರಕ್ತ ಎಷ್ಟು ತುಂಬಿದೆ ಎಂದು. ಎರಡರಿಂದ ನಾಲ್ಕು ಗಂಟೆ ಕಳೆದ ಮೇಲಿನದ್ದು ಎಲುಬಿನ ದುರಸ್ತಿ ಎಲ್ಲಿ ಜೋರಾಗಿದೆ ಎಂದು. ಒಂದೇ ಸೂಜಿಗೆ ಮೂರು ಬಾರಿ ಏಕೆ ಕರೆಯುತ್ತಾರೆ, ನಡುವೆ ಗಂಟೆಗಟ್ಟಲೆ ಏಕೆ ಕಾಯಿಸುತ್ತಾರೆ ಎಂದು ಬೇಸರಪಡುವವರಿಗೆ ಕಾರಣ ಇದು.

ಕೋಪನ್‌ಹೇಗನ್‌ನಲ್ಲಿ ಅವರ ಜೊತೆ ಕೆಲಸ ಮಾಡಿದವರಲ್ಲಿ ಆಗಸ್ಟ್ ಕ್ರೋಗ್ ಒಬ್ಬರು. ಸ್ನಾಯುವಿನ ಲೋಮನಾಳಗಳು, ಅಂದರೆ ಕೂದಲಿಗಿಂತ ಸಣ್ಣ ರಕ್ತನಾಳಗಳು, ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವುದನ್ನು ತೋರಿಸಿ ಕ್ರೋಗ್ 1920ರಲ್ಲೇ ನೊಬೆಲ್ ಪಡೆದಿದ್ದರು. ಕಾಲು ಉಳಿಯುವುದೂ ಹೋಗುವುದೂ ಕೊನೆಗೆ ಈ ಸಣ್ಣ ನಾಳಗಳ ಮಟ್ಟದಲ್ಲೇ ತೀರ್ಮಾನವಾಗುತ್ತದೆ. 1940ರಲ್ಲಿ ಹೆವೆಶಿ ಮತ್ತು ಅವರ ಸಹೋದ್ಯೋಗಿ ಹಾನ್ ಕೆಂಪು ರಕ್ತಕಣಗಳಿಗೇ ಫಾಸ್ಫರಸ್-32 ಗುರುತು ಹಾಕಿ ದೇಹದಲ್ಲಿರುವ ಒಟ್ಟು ರಕ್ತವನ್ನು ಅಳೆಯುವ ವಿಧಾನ ಪ್ರಕಟಿಸಿದರು. ರಕ್ತವೇ ಈಗ ಗಂಟೆ ಹೊತ್ತು ಓಡಾಡತೊಡಗಿತು.

ಬಾಟಲಿಯಲ್ಲಿ ಕರಗಿದ ಚಿನ್ನ

ಅದೇ 1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಡೆನ್ಮಾರ್ಕ್‌ಗೆ ನುಗ್ಗಿತು. ಬೋರ್ ಅವರ ಸಂಸ್ಥೆಯಲ್ಲಿ ಎರಡು ನೊಬೆಲ್ ಪದಕಗಳಿದ್ದವು. ಜರ್ಮನ್ ವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲೌಯ ಮತ್ತು ಜೇಮ್ಸ್ ಫ್ರಾಂಕ್ ತಮ್ಮ ಪದಕಗಳನ್ನು ಕಾಪಾಡಲೆಂದು ಅಲ್ಲಿ ಇರಿಸಿದ್ದರು. ಜರ್ಮನಿಯಿಂದ ಚಿನ್ನ ಹೊರಗೆ ಕಳುಹಿಸುವುದು ದೊಡ್ಡ ಅಪರಾಧ, ಪದಕದ ಮೇಲೆ ಹೆಸರು ಬೇರೆ ಕೆತ್ತಿತ್ತು. ಸಿಕ್ಕಿಬಿದ್ದರೆ ಜರ್ಮನಿಯಲ್ಲೇ ಇದ್ದ ಲೌಯ ಅವರ ಪ್ರಾಣಕ್ಕೇ ಸಂಚಕಾರ. ಹೂತಿಡೋಣ ಎಂದರೆ ಅಗೆದು ತೆಗೆಯಬಹುದು ಎಂಬ ಭಯ. ಸೈನಿಕರು ಬೀದಿಯಲ್ಲಿ ನಡೆದು ಬರುತ್ತಿರುವಾಗ ಹೆವೆಶಿ ಎರಡೂ ಪದಕಗಳನ್ನು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಹಾಕಿ ಕರಗಿಸಲು ನಿಂತರು. ಚಿನ್ನವನ್ನು ಕರಗಿಸಬಲ್ಲ ದ್ರಾವಣಗಳೇ ಕಡಿಮೆ, ಇದು ಅಂಥದ್ದೊಂದು. ನಮ್ಮ ಅಕ್ಕಸಾಲಿಗರಿಗೂ ಗೊತ್ತಿರುವಂಥದ್ದು. ಕರಗಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಕಿತ್ತಳೆ ಬಣ್ಣದ ದ್ರವ ತುಂಬಿದ ಪಾತ್ರೆ ಕಪಾಟಿನಲ್ಲಿ ಉಳಿದ ಬಾಟಲಿಗಳ ನಡುವೆ ಸೇರಿಕೊಂಡಿತು. ಯಾರೂ ಅದನ್ನು ಮುಟ್ಟಲಿಲ್ಲ. ಯುದ್ಧ ಮುಗಿದ ಮೇಲೆ ಅದರಿಂದ ಚಿನ್ನವನ್ನು ಮತ್ತೆ ಹೊರತೆಗೆದು ಸ್ಟಾಕ್‌ಹೋಮ್‌ಗೆ ಕಳುಹಿಸಲಾಯಿತು. ನೊಬೆಲ್ ಸಂಸ್ಥೆ ಹೊಸದಾಗಿ ಪದಕ ಮಾಡಿಸಿಕೊಟ್ಟಿತು.

1943ರಲ್ಲಿ ಡೆನ್ಮಾರ್ಕ್‌ನ ಯಹೂದಿಗಳನ್ನು ಹಿಡಿಯುವ ಕಾರ್ಯಾಚರಣೆ ಶುರುವಾಯಿತು. ಹೆವೆಶಿ ಸ್ವೀಡನ್‌ಗೆ ದಾಟಿ ಸ್ಟಾಕ್‌ಹೋಮ್‌ನಲ್ಲಿ ನೆಲೆಸಿದರು, ಮುಂದೆ ಆ ದೇಶದ ಪ್ರಜೆಯೂ ಆದರು. 1943ರ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಎಂದು ಪ್ರಕಟವಾದದ್ದು 1944ರಲ್ಲಿ. ಪ್ರಶಸ್ತಿ ಬಂದದ್ದು ಹಾಫ್ನಿಯಂಗೆ ಅಲ್ಲ, ಜಾಡುವಸ್ತುವಿನ ವಿಧಾನಕ್ಕೆ. ಮ್ಯಾಂಚೆಸ್ಟರ್‌ನ ಆ ಸೋಲಿಗೆ ಎನ್ನಿ ಬೇಕಾದರೆ.

ಮತ್ತೆ ಕೋಪನ್‌ಹೇಗನ್, ಈ ಬಾರಿ ಕಾಲಿಗಾಗಿ

ಹೆವೆಶಿ ಸ್ವತಃ ಕಾಲಿನ ರೋಗಿಗಳನ್ನು ನೋಡಿದವರಲ್ಲ. ಅವರು ವೈದ್ಯರೇ ಅಲ್ಲ. ಅವರ ಉಪಾಯವನ್ನು ಕಾಲಿಗೆ ತಂದವರು ಬೇರೆಯವರು. 1949ರಲ್ಲಿ ಅಮೆರಿಕದ ಸೀಮೋರ್ ಕೆಟಿ ಮೀನಖಂಡದ ಸ್ನಾಯುವಿಗೆ ವಿಕಿರಣಶೀಲ ಸೋಡಿಯಂ ಚುಚ್ಚಿ, ಅದು ಎಷ್ಟು ಬೇಗ ಅಲ್ಲಿಂದ ಮಾಯವಾಗುತ್ತದೆ ಎಂದು ನೋಡಿದರು. ರಕ್ತ ಚೆನ್ನಾಗಿ ಹರಿಯುತ್ತಿದ್ದರೆ ಗುರುತು ಬೇಗ ಕೊಚ್ಚಿಕೊಂಡು ಹೋಗುತ್ತದೆ, ಹರಿವು ಕುಗ್ಗಿದ್ದರೆ ಅಲ್ಲೇ ನಿಲ್ಲುತ್ತದೆ. 1964ರಲ್ಲಿ ಕೋಪನ್‌ಹೇಗನ್‌ನಲ್ಲೇ ನೀಲ್ಸ್ ಲಾಸೆನ್ ಮತ್ತು ಸಂಗಡಿಗರು ಝೆನಾನ್-133 ಎಂಬ ಅನಿಲವನ್ನು ಬಳಸಿ ಕಾಲಿನ ಸ್ನಾಯುವಿನ ರಕ್ತ ಹರಿವನ್ನು ಸಂಖ್ಯೆಯಲ್ಲಿ ಹೇಳುವ ವಿಧಾನ ಕೊಟ್ಟರು. 1970ರ ದಶಕದಲ್ಲಿ ಶಸ್ತ್ರವೈದ್ಯರು ಅದೇ ಝೆನಾನನ್ನು ಚರ್ಮದೊಳಗೆ ಚುಚ್ಚಿ, ಯಾವ ಮಟ್ಟದಲ್ಲಿ ಕತ್ತರಿಸಿದರೆ ಗಾಯ ಮಾಯಬಹುದು ಎಂದು ಅಳೆಯತೊಡಗಿದರು.

ಲಾಸೆನ್ ಅವರ ವರದಿ ಬಂದಾಗ ಹೆವೆಶಿ ಇನ್ನೂ ಬದುಕಿದ್ದರು. ಸ್ಟಾಕ್‌ಹೋಮ್‌ನ ಕೆಲಸದ ನಡುವೆ, 1958ರ ಸಾಲಿನ ಅಟಮ್ಸ್ ಫಾರ್ ಪೀಸ್ ಪ್ರಶಸ್ತಿಯೂ ಅವರಿಗೆ ಸಂದಿತ್ತು. 1966ರ ಜುಲೈ 5ರಂದು, 80ರ ಹರೆಯದಲ್ಲಿ, ಫ್ರೈಬುರ್ಗ್‌ನಲ್ಲಿ ತೀರಿಕೊಂಡರು. 2001ರಲ್ಲಿ ಅವರ ಅವಶೇಷಗಳನ್ನು ಬುಡಾಪೆಸ್ಟ್‌ಗೆ ತಂದು ಹುಟ್ಟೂರಿನ ಮಣ್ಣಿಗೆ ಸೇರಿಸಲಾಯಿತು.

ಇಂದು ಝೆನಾನ್ ಚುಚ್ಚುವುದು ಅಪರೂಪ. ಬಹುತೇಕ ಸ್ಕ್ಯಾನ್‌ಗಳಲ್ಲಿ ಬಳಸುವುದು ಟೆಕ್ನೀಷಿಯಂ-99ಎಂ. ಇದರ ಅರ್ಧಾಯುಷ್ಯ ಆರು ಗಂಟೆ. ಬೆಳಗ್ಗೆ ಚುಚ್ಚಿದ್ದು ಮಾರನೆಯ ಬೆಳಗ್ಗೆಗೆ ಹದಿನಾರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ, ಮೂತ್ರದಲ್ಲಿ ಹೋಗುವುದು ಬೇರೆ. ಇಷ್ಟು ಬೇಗ ಕರಗುವುದನ್ನು ದಾಸ್ತಾನು ಇಡಲಾಗದು. ಹಾಗಾಗಿ ಆಸ್ಪತ್ರೆಗಳು ಮಾಲಿಬ್ಡಿನಂ-99 ತುಂಬಿದ ಜನರೇಟರ್ ತರಿಸಿಕೊಂಡು, ಅದರಲ್ಲಿ ಹುಟ್ಟುವ ಟೆಕ್ನೀಷಿಯಂ ಅನ್ನು ದಿನವೂ ಬೆಳಗ್ಗೆ ಉಪ್ಪುನೀರು ಹಾಯಿಸಿ ಇಳಿಸಿಕೊಳ್ಳುತ್ತವೆ. ಆ ವಿಭಾಗದವರ ಆಡುಮಾತಿನಲ್ಲಿ ಇದಕ್ಕೆ ಹಾಲು ಕರೆಯುವುದು ಎಂದೇ ಹೆಸರು. ನಮ್ಮ ದೇಶದಲ್ಲಿ ಇಂಥ ವಸ್ತುಗಳನ್ನು ಒದಗಿಸುವ ಸರ್ಕಾರಿ ಸಂಸ್ಥೆ ಬ್ರಿಟ್ ಮುಂಬೈ ಪ್ರದೇಶದ್ದೇ. ಪರೇಲ್‌ನ ರೇಡಿಯೇಷನ್ ಮೆಡಿಸಿನ್ ಸೆಂಟರ್ 1963ರಿಂದ ಈ ಕ್ಷೇತ್ರದಲ್ಲಿದೆ.

ನಿಮ್ಮ ಮನೆಯವರಿಗೆ ಈ ಪರೀಕ್ಷೆ ಬರೆದುಕೊಟ್ಟರೆ

ಕಾಲಿನ ರಕ್ತ ಹರಿವು ನೋಡಲು ಮೊದಲು ಮಾಡುವುದು ಈ ಸ್ಕ್ಯಾನ್ ಅಲ್ಲ. ನಾಡಿ ಮುಟ್ಟಿ ನೋಡುವುದು, ಕಾಲು ಮತ್ತು ತೋಳಿನ ರಕ್ತದೊತ್ತಡ ಹೋಲಿಸುವುದು, ಡಾಪ್ಲರ್, ಆಂಜಿಯೋಗ್ರಾಂ ಇವೆಲ್ಲ ಮೊದಲು. ಬಹುಕಾಲ ಮಧುಮೇಹ ಇದ್ದವರಲ್ಲಿ ರಕ್ತನಾಳದ ಗೋಡೆ ಸುಣ್ಣಗಟ್ಟಿ ಗಟ್ಟಿಯಾಗಿರುತ್ತದೆ. ಆಗ ಕಾಲಿನ ಒತ್ತಡ ಸುಳ್ಳಾಗಿ ಹೆಚ್ಚು ತೋರಿಸಬಹುದು. ಸಂಖ್ಯೆ ಚೆನ್ನಾಗಿದೆ, ಕಾಲು ಮಾತ್ರ ಕಪ್ಪಾಗುತ್ತಿದೆ ಎನ್ನುವ ಸ್ಥಿತಿ. ಆಂಜಿಯೋಗ್ರಾಂ ದೊಡ್ಡ ನಾಳಗಳ ನಕ್ಷೆ ಕೊಡುತ್ತದೆ. ನಲ್ಲಿಯ ಪೈಪು ಎಲ್ಲೆಲ್ಲಿ ಹೋಗಿದೆ ಎಂದು ಗೊತ್ತಾದ ಮಾತ್ರಕ್ಕೆ ಗಿಡದ ಬುಡಕ್ಕೆ ನೀರು ಬೀಳುತ್ತಿದೆ ಎಂದು ಗೊತ್ತಾಗುವುದಿಲ್ಲ. ಜಾಡುವಸ್ತುವಿನ ಸ್ಕ್ಯಾನ್ ಆ ಬುಡವನ್ನು ನೋಡುತ್ತದೆ. ಹೃದಯದ ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ ಬೆರೆಸಿದ ವಸ್ತುವನ್ನೇ ಕೆಲವು ಕೇಂದ್ರಗಳಲ್ಲಿ ಕಾಲಿನ ಸ್ನಾಯುವಿಗೂ ಬಳಸುತ್ತಾರೆ. ಜೊತೆಗೆ ಸಿ.ಟಿ. ಸೇರಿಸಿದರೆ ಯಾವ ಸ್ನಾಯುವಿಗೆ ಎಷ್ಟು ಸೇರಿದೆ ಎಂದು ಜಾಗ ಗುರುತಿಸಬಹುದು.

ಇದಕ್ಕೆ ಮಿತಿಗಳೂ ಇವೆ. ಸ್ನಾಯುವಿಗೆ ರಕ್ತ ಬರುತ್ತಿದ್ದರೂ ಚರ್ಮಕ್ಕೆ ಸಾಲದಿರಬಹುದು. ಸೋಂಕು, ಉರಿಯೂತ ಇರುವ ಜಾಗದಲ್ಲಿ ರಕ್ತ ಹೆಚ್ಚಿರುವಂತೆ ಕಾಣಬಹುದು. ಗಾಯ ಮಾಯಲು ರಕ್ತವೊಂದೇ ಸಾಲದು. ಸಕ್ಕರೆ ಹತೋಟಿ, ಹಿಮೋಗ್ಲೋಬಿನ್, ಪೌಷ್ಟಿಕತೆ, ಬೀಡಿ ಸಿಗರೇಟು ಬಿಟ್ಟಿರುವುದು ಎಲ್ಲವೂ ಸೇರುತ್ತದೆ. ರಿಪೋರ್ಟಿನ ಒಂದು ಸಾಲು ನೋಡಿ ಮೊಣಕಾಲು ಉಳಿಯಿತು ಎಂದಾಗಲಿ ಹೋಯಿತು ಎಂದಾಗಲಿ ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಬೇಡಿ. ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ: ಬಲೂನ್ ಅಥವಾ ಬೈಪಾಸ್ ಮಾಡಿ ರಕ್ತ ಹರಿಸಲು ಸಾಧ್ಯವೇ, ಅದನ್ನು ರಕ್ತನಾಳದ ಶಸ್ತ್ರವೈದ್ಯರು ನೋಡಿದ್ದಾರೆಯೇ? ಸ್ಕ್ಯಾನ್ ಕಳಪೆ ಬಂದರೂ ಈ ದಾರಿ ತೆರೆದಿದ್ದರೆ ಕತ್ತರಿಸುವ ಮಟ್ಟ ಕೆಳಗಿಳಿಯಬಹುದು.

ವಿಕಿರಣದ ಮಾತಿಗೆ ಬಂದರೆ, ಒಂದು ಬೋನ್ ಸ್ಕ್ಯಾನ್‌ನಿಂದ ಬರುವುದು ಸುಮಾರು 4 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತಲೇ ಇರುತ್ತದೆ. ಒಳಗೆ ಹೋಗುವ ಟೆಕ್ನೀಷಿಯಂ ಎಷ್ಟು ಅಲ್ಪವೆಂದರೆ, ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಕೆಲವೇ ಪಾಲು ತೆಗೆದಷ್ಟು. ಆಂಜಿಯೋಗ್ರಾಂನಲ್ಲಿ ಕೊಡುವ ಅಯೋಡಿನ್ ಡೈ ಇದರಲ್ಲಿಲ್ಲ. ಆ ಡೈ ಕಾರಣಕ್ಕೆ ಕಿಡ್ನಿಯ ಬಗ್ಗೆ ಪಡುವ ಚಿಂತೆ ಇಲ್ಲಿ ಬೇಕಿಲ್ಲ. ಗರ್ಭಿಣಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ಮೊದಲೇ ಹೇಳಬೇಕು. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ, ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಸ್ಕ್ಯಾನ್ ಮುಗಿದ ಮೇಲೆ ನೀರು ಹೆಚ್ಚು ಕುಡಿದು ಮೂತ್ರ ಮಾಡಿದರೆ ಉಳಿದದ್ದು ಬೇಗ ಹೊರಹೋಗುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಆ ಮಿತಿಯೇ ಸರಿ. ಆ ಒಂದು ದಿನ ಮನೆಯ ಪುಟ್ಟ ಮಕ್ಕಳನ್ನು ಬಹಳ ಹೊತ್ತು ತೊಡೆಯ ಮೇಲೆ ಕೂರಿಸಿಕೊಳ್ಳದಿದ್ದರೆ ಒಳ್ಳೆಯದು.

ಇಷ್ಟೆಲ್ಲ ಪರೀಕ್ಷೆಯಾದ ಮೇಲೂ ಶಸ್ತ್ರವೈದ್ಯರು ಆಪರೇಷನ್ ಮೇಜಿನ ಮೇಲೆ ಇನ್ನೊಮ್ಮೆ ನೋಡುತ್ತಾರೆ: ಕತ್ತರಿಸಿದ ಚರ್ಮದ ಅಂಚಿನಲ್ಲಿ ರಕ್ತ ಜಿನುಗುತ್ತಿದೆಯೇ, ಸ್ನಾಯು ಕೆಂಪಗಿದೆಯೇ? ಇಲ್ಲವಾದರೆ ಮಟ್ಟವನ್ನು ಅಲ್ಲೇ ಬದಲಿಸಬೇಕಾಗುತ್ತದೆ. ಒಪ್ಪಿಗೆ ಪತ್ರದಲ್ಲಿ ಈ ಸಾಧ್ಯತೆಯ ಬಗ್ಗೆ ಒಂದು ಸಾಲು ಇರಬಹುದು. ಸಹಿ ಹಾಕುವ ಮುಂಚೆ ಅದನ್ನು ಹುಡುಕಿ ಓದಿ. ಎಲ್ಲಿಯವರೆಗೆ ಹೋಗಬಹುದು ಎಂದು ವೈದ್ಯರನ್ನು ಕೇಳಿ, ರೋಗಿಯೂ ಪಕ್ಕದಲ್ಲಿ ಇರುವಾಗಲೇ ಕೇಳಿ.